ಡಾಬಿಯ ಕಾಲುಚೀಲ, ನಾನು ಕೊಟ್ಟ ಹಳೆ ಸೀರೆ

ಈ ರಜೆಯಲ್ಲಿ ಮಗಳು ಹ್ಯಾರಿ ಪಾಟರ್ ಓದಲು ಕೂತಿದ್ದಾಳೆ. ಅವಳ ಜೊತೆ ನಾನೂ ಇನ್ನೊಂದು ಸಲ ಓದುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ನಕ್ಕು ಮುಂದೆ ಹೋದ ಜಾಗಗಳಲ್ಲೇ ಈಗ ಕಾಲು ಎಡವುತ್ತಿದೆ.

ಎಲ್ಫ್‌ಗಳ ವಿಷಯ ಹೇಳುತ್ತಿದ್ದೇನೆ, ಅಂದರೆ ಮಾಂತ್ರಿಕರ ಮನೆಗಳಲ್ಲಿ ಜೀತಕ್ಕೆ ದುಡಿಯುವ ಪುಟ್ಟ ಜೀವಿಗಳು. 1998ರ ಎರಡನೇ ಪುಸ್ತಕದಲ್ಲಿ ಡಾಬಿ ಬರುತ್ತಾನೆ. (ಮಗಳು ‘ಅದು’ ಅನ್ನುತ್ತಾಳೆ, ನಾನು ‘ಅವನು’ ಅನ್ನುತ್ತೇನೆ. ಇದಕ್ಕೇ ಒಂದು ಜಗಳ ಆಗಿದೆ.) ಮೈಗೆ ಹಳೆ ದಿಂಬಿನ ಕವರು. ಯಜಮಾನರ ಬಗ್ಗೆ ಒಂದು ಮಾತು ಬಾಯಿ ಜಾರಿದರೂ ತಾನೇ ತಲೆ ಚಚ್ಚಿಕೊಳ್ಳುತ್ತಾನೆ. ಯಜಮಾನ ಬಟ್ಟೆ ಕೊಟ್ಟರೆ ಮಾತ್ರ ಬಿಡುಗಡೆ. ಹ್ಯಾರಿ ಒಂದು ಕಾಲುಚೀಲದ ಉಪಾಯ ಮಾಡಿ ಬಿಡಿಸುತ್ತಾನೆ. ಕೆಟ್ಟವರ ಮನೆಯಿಂದ ಒಬ್ಬ ಪಾರಾದ ಅಂತ ನಮಗೆಲ್ಲ ಸಮಾಧಾನ.

ಆದರೆ 2000ದ ನಾಲ್ಕನೇ ಪುಸ್ತಕಕ್ಕೆ ಬಂದರೆ, ಒಳ್ಳೆಯವರ ಮನೆಯ ಕಥೆಯೂ ಅದೇ. ಹಾಗ್ವಾರ್ಟ್ಸ್ ಶಾಲೆಯ ಊಟದ ಮೇಜಿನ ಮೇಲೆ ಮಾಯದಂತೆ ಬರುತ್ತಿದ್ದ ಊಟವನ್ನು ಕೆಳಗೆ ಅಡುಗೆಮನೆಯಲ್ಲಿ ನೂರಕ್ಕೂ ಹೆಚ್ಚು ಎಲ್ಫ್‌ಗಳು ಸಂಬಳವಿಲ್ಲದೆ ಮಾಡುತ್ತಿದ್ದವು! ಹ್ಯಾರಿಯ ಗೆಳತಿ ಹರ್ಮಯೊನಿ ಒಬ್ಬಳೇ ತಟ್ಟೆ ಪಕ್ಕಕ್ಕೆ ಸರಿಸುತ್ತಾಳೆ. ಎಲ್ಫ್‌ಗಳ ಹಕ್ಕಿಗಾಗಿ ಸಂಘ ಕಟ್ಟುತ್ತಾಳೆ, ಬ್ಯಾಡ್ಜ್ ಮಾಡಿಸುತ್ತಾಳೆ. ಆ ಸಂಘದ ಹೆಸರನ್ನು ಚಿಕ್ಕದು ಮಾಡಿ ಓದಿದರೆ ಇಂಗ್ಲಿಷಿನಲ್ಲಿ ‘ವಾಂತಿ’ ಅಂತ ಬರುತ್ತದೆ. ಲೇಖಕಿಯೇ ಇಟ್ಟ ತಮಾಷೆ ಅದು. ಗೆಳೆಯರೆಲ್ಲ ನಗುತ್ತಾರೆ. ಕರುಣೆಯ ಮೂಟೆಯಂತಿರುವ, ಶಾಲೆಯ ಕಾಡು ಕಾಯುವ ಹ್ಯಾಗ್ರಿಡ್ ಕೂಡ, ಅವುಗಳಿಗೆ ಕೆಲಸ ಅಂದ್ರೆನೇ ಇಷ್ಟ, ಬಿಡಿಸಿದರೆ ಅನ್ಯಾಯ ಅನ್ನುತ್ತಾನೆ.

ಈ ಮಾತು ಎಲ್ಲೋ ಕೇಳಿದ್ದೀವಿ ಅಲ್ವಾ? ಬ್ರಿಟನ್ನಿನ ತೋಟದ ಮಾಲೀಕರೂ ತಮ್ಮ ಗುಲಾಮರು ಸುಖವಾಗಿದ್ದಾರೆ ಅಂತಲೇ ವಾದಿಸುತ್ತಿದ್ದರು. 1833ರಲ್ಲಿ ಅಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಆದಾಗ ಎರಡು ಕೋಟಿ ಪೌಂಡ್ ಪರಿಹಾರ ಹೋಗಿದ್ದು ಮಾಲೀಕರಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ.

ಅಷ್ಟು ದೂರ ಯಾಕೆ, ನಮ್ಮ ಮನೆಗೇ ಬನ್ನಿ. ಬಿಡುಗಡೆಯಾದ ಡಾಬಿ ಹಾಗ್ವಾರ್ಟ್ಸ್‌ಗೆ ಕೆಲಸ ಕೇಳಿಕೊಂಡು ಬಂದಾಗ ಹೆಡ್‌ಮಾಸ್ಟರ್ ಡಂಬಲ್‌ಡೋರ್ ವಾರಕ್ಕೆ 10 ಚಿನ್ನದ ನಾಣ್ಯ, ವಾರಾಂತ್ಯಕ್ಕೆ ರಜೆ ಕೊಡುತ್ತೇನೆ ಅನ್ನುತ್ತಾನೆ. ಡಾಬಿಯೇ ಚೌಕಾಸಿ ಮಾಡಿ ವಾರಕ್ಕೆ 1 ನಾಣ್ಯ, ತಿಂಗಳಿಗೆ ಒಂದೇ ದಿನ ರಜೆಗೆ ಇಳಿಸುತ್ತಾನೆ. ಮಗಳು ಬಿದ್ದು ಬಿದ್ದು ನಕ್ಕಳು. ಪಾತ್ರೆ ತೊಳೆಯುತ್ತಿದ್ದ ಅಕ್ಕ ಒಳಗಿಂದ ಇಣುಕಿ, ಏನ್ ಪುಟ್ಟಿ ಅಷ್ಟು ನಗು ಅಂದರು. ನನಗೆ ಆ ಕ್ಷಣ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೋದ ದೀಪಾವಳಿಗೆ ಅವರು ಸಂಬಳ ಜಾಸ್ತಿ ಮಾಡಿ ಅಂದಾಗ, ಎರಡು ಹಳೆ ಸೀರೆ ಕೊಟ್ಟು, ಯುಗಾದಿ ಆಗಲಿ ನೋಡೋಣ ಅಂದವಳು ನಾನೇ. ಡಾಬಿಯ ಲೋಕದಲ್ಲಿ ಬಟ್ಟೆ ಕೊಟ್ಟರೆ ಬಿಡುಗಡೆ. ನಮ್ಮಲ್ಲಿ ಬಟ್ಟೆ ಕೊಟ್ಟೇ ಇನ್ನೊಂದು ವರ್ಷ ಕಟ್ಟಿಹಾಕುತ್ತೇವೆ.

ಹರ್ಮಯೊನಿಯದೂ ತಪ್ಪಿದೆ. ಐದನೇ ಪುಸ್ತಕದಲ್ಲಿ ಟೋಪಿ ಹೆಣೆದು ಕಸದ ಕೆಳಗೆ ಬಚ್ಚಿಡುತ್ತಾಳೆ, ಎಲ್ಫ್‌ಗಳು ಗೊತ್ತಿಲ್ಲದೆ ಮುಟ್ಟಿ ಬಿಡುಗಡೆಯಾಗಲಿ ಅಂತ. ಅವು ಸಿಟ್ಟಾಗಿ ಆ ಕಡೆ ಗುಡಿಸಲು ಬರುವುದನ್ನೇ ಬಿಡುತ್ತವೆ. ನಿಮಗೇನು ಬೇಕು ಅಂತ ಅವಳು ಒಂದು ಸಲವಾದರೂ ಕೂತು ಕೇಳಬಹುದಿತ್ತು.

ಮಕ್ಕಳ ಕಥೆ ಬಿಡಿ, ಸುಮ್ನೆ ಓದಿ ಅನ್ನುವವರು ಇದ್ದಾರೆ. ಲೇಖಕಿಗೆ ಇದೆಲ್ಲ ಕಾಣದೆ ಬರೆದಿದ್ದರೆ ನಾನೂ ಬಿಡುತ್ತಿದ್ದೆ. ಚೆನ್ನಾಗಿಯೇ ಕಂಡಿದೆ. ಒಬ್ಬ ಮನುಷ್ಯ ಎಂಥವನು ಅಂತ ತಿಳಿಯಲು ಅವನು ತನ್ನ ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳುತ್ತಾನೆ ನೋಡು ಅನ್ನುವ ಅರ್ಥದ ಮಾತನ್ನು ಹ್ಯಾರಿಯ ಗಾಡ್‌ಫಾದರ್ ಸಿರಿಯಸ್ ಬಾಯಲ್ಲಿ ಹೇಳಿಸಿದ್ದಾರೆ. ಅದೇ ಸಿರಿಯಸ್ ತನ್ನ ಮನೆಯ ಎಲ್ಫ್ ಕ್ರೀಚರ್‌ನನ್ನು ಕಸದಂತೆ ಕಂಡು, ಕೊನೆಗೆ ಅದಕ್ಕೆ ಪ್ರಾಣವನ್ನೇ ತೆರುತ್ತಾನೆ. ಮಾಂತ್ರಿಕರ ಸರ್ಕಾರದ ಕಚೇರಿಯಲ್ಲೊಂದು ಚಿನ್ನದ ಕಾರಂಜಿ, ಅದರಲ್ಲಿ ಎಲ್ಫ್ ಮಾಂತ್ರಿಕರನ್ನು ಭಕ್ತಿಯಿಂದ ತಲೆಯೆತ್ತಿ ನೋಡುತ್ತಿರುತ್ತದೆ. ಆ ಕಾರಂಜಿ ಸುಳ್ಳು ಹೇಳುತ್ತಿತ್ತು ಅಂತ ಡಂಬಲ್‌ಡೋರ್ ಬಾಯಲ್ಲೇ ಬರುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಲೆಕ್ಕ ಚುಕ್ತಾ ಮಾಡದೆ ಎದ್ದು ಹೋಗಿದ್ದಾರೆ. ನನ್ನ ಸಿಟ್ಟು ಅದಕ್ಕೆ.

ಸಿನಿಮಾದವರು ಇನ್ನೂ ಜಾಣರು. ಹರ್ಮಯೊನಿಯ ಸಂಘವನ್ನೇ ಎತ್ತಿ ಬಿಸಾಕಿದರು.

2007ರ ಕೊನೆಯ ಪುಸ್ತಕದಲ್ಲಿ ಕ್ರೀಚರ್ ಎಲ್ಫ್‌ಗಳ ದಂಡು ಕಟ್ಟಿಕೊಂಡು ಬಂದು ಯುದ್ಧ ಮಾಡುತ್ತಾನೆ. ಅಷ್ಟರಲ್ಲಿ ಅವನು ಹ್ಯಾರಿಯ ಸೊತ್ತು, ಸಿರಿಯಸ್ ಸತ್ತ ಮೇಲೆ ಮನೆಯ ಜೊತೆ ಬಂದ ಆಸ್ತಿ. ಅವನನ್ನು ಬಿಡುಗಡೆ ಮಾಡಿದ ಅಂತ ಎಲ್ಲೂ ಇಲ್ಲ. ಯುದ್ಧ ಮುಗಿದು, ಸತ್ತವರನ್ನೆಲ್ಲ ಸಾಲಾಗಿ ಮಲಗಿಸಿ ಆದ ಮೇಲೆ, ಕಥೆಯ ಕೊನೆಗೆ ಹ್ಯಾರಿ ಯೋಚಿಸುವುದು ಎರಡೇ: ತನ್ನ ಹಾಸಿಗೆ, ಮತ್ತೆ ಅಲ್ಲಿಗೆ ಕ್ರೀಚರ್ ಒಂದು ಸ್ಯಾಂಡ್‌ವಿಚ್ ತಂದುಕೊಡುತ್ತಾನೋ ಅಂತ.

ಆಗ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಪಾಪ ಹುಡುಗ, ಹಸಿದಿದ್ದಾನೆ ಅಂದುಕೊಂಡಿದ್ದೆ.