ಅಜ್ಜನ ಹೆಸರಿನ ಕುದುರೆ

ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟರೆ ಸೊಸೆಗೆ ಪೀಕಲಾಟ. ಮಾವನ ಹೆಸರು ಹಿಡಿದು ಮಗುವನ್ನು ಬೈಯುವುದು ಹೇಗೆ? ಅದಕ್ಕೇ ಪುಟ್ಟ, ಅಪ್ಪು ಅಂತ ಇನ್ನೊಂದು ಹೆಸರು ಹುಟ್ಟಿಕೊಳ್ಳುತ್ತದೆ. ಬರೋಡದ ಮಹಾರಾಜ ಪ್ರತಾಪಸಿಂಹರಾವ್ ಗಾಯಕವಾಡರಿಗೆ ಈ ಸಂಕೋಚ ಇದ್ದಂತಿಲ್ಲ. ಅಜ್ಜನ ಹೆಸರನ್ನು ಕುದುರೆಗೇ ಇಟ್ಟರು: ಸಯಾಜಿರಾವ್.

ಮುಂಬೈಯ ರೇಸ್ ಮಂದಿಗೆ ಪ್ರತಾಪಸಿಂಹರು ಹೊಸಬರಲ್ಲ. 1943ರಲ್ಲಿ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನಡೆದ ಮೊಟ್ಟಮೊದಲ ಇಂಡಿಯನ್ ಡರ್ಬಿ ಗೆದ್ದದ್ದು ಅವರ ಕುದುರೆ ಪ್ರಿನ್ಸೆಸ್ ಬ್ಯೂಟಿಫುಲ್. ಆಮೇಲೆ ಕಣ್ಣು ಇಂಗ್ಲೆಂಡಿನ ಮೇಲೆ ಬಿತ್ತು. 1945ರಲ್ಲಿ ಅಲ್ಲಿನ ಹರಾಜಿನಲ್ಲಿ ಒಂದು ವರ್ಷದ ಮರಿಗೆ 28,000 ಗಿನಿ ಸುರಿದರು; ಅದೇ ಈ ಸಯಾಜಿರಾವ್. ಆ ಕಾಲಕ್ಕೆ ಅದು ದಾಖಲೆ. ಮರಿಯ ಅಣ್ಣ ಡಾಂಟೆ ಅದೇ ವರ್ಷ ಇಂಗ್ಲಿಷ್ ಡರ್ಬಿ ಗೆದ್ದಿದ್ದ. ತಮ್ಮನ ರೇಟು ಏರದೆ ಇರುತ್ತದಾ?

ಅಜ್ಜನ ಲೆಕ್ಕವೇ ಬೇರೆ. 1913ರಲ್ಲಿ ಅಂಬೇಡ್ಕರರು ಅಮೆರಿಕಕ್ಕೆ ಓದಲು ಹೋದಾಗ ಅಜ್ಜ ಕೊಟ್ಟದ್ದು ತಿಂಗಳಿಗೆ 11.5 ಪೌಂಡ್, ಮೂರು ವರ್ಷ. ಒಟ್ಟು 414 ಪೌಂಡ್. ಗಿನಿ ಅಂದರೆ ಪೌಂಡಿಗಿಂತ ತುಸು ಜಾಸ್ತಿ. ಒಂದು ಕುದುರೆಯ ದುಡ್ಡಿನಲ್ಲಿ ಅಂಥ ಎಪ್ಪತ್ತು ಜನ ಓದಬಹುದಿತ್ತು. ನಡುವೆ ಬೆಲೆ ಏರಿತ್ತು, ನಿಜ. ಆದರೂ ಹೊಟ್ಟೆ ಉರಿಯುತ್ತದೆ.

ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತ ಶೆಟ್ಟರಿಗೆ ಇದನ್ನೆಲ್ಲ ಹೇಳಿದೆ. ಕಿವಿಯ ಸಂದಿಯಲ್ಲಿ ಪೆನ್ಸಿಲ್, ಬಿಲ್ ಬುಕ್ಕಿನ ಅಡಿಯಲ್ಲಿ ರೇಸ್ ಪುಸ್ತಕ. ಚಿಲ್ಲರೆ ಎಣಿಸುತ್ತಲೇ ಕೇಳಿದರು, "ಅದೆಲ್ಲ ಇರ್ಲಿ ಮಾರಾಯ್ರೆ, ಕುದುರೆ ಗೆದ್ದಿತಾ ಇಲ್ವಾ?"

ಗೆದ್ದಿತು. 1947ರ ಇಂಗ್ಲಿಷ್ ಡರ್ಬಿಯಲ್ಲಿ ಮೂರನೆಯದು, ಆಮೇಲೆ ಐರಿಷ್ ಡರ್ಬಿ, ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರಿನ ದೊಡ್ಡ ರೇಸ್ ಸೇಂಟ್ ಲೆಜರ್. ನಮಗೆ ಸ್ವಾತಂತ್ರ್ಯ ಬಂದು ಆಗಷ್ಟೇ ತಿಂಗಳಾಗಿತ್ತು. ಅಜ್ಜ ಸಯಾಜಿರಾವ್ ನಾಸಿಕ್ ಜಿಲ್ಲೆಯ ಕವಳಾಣೆಯಿಂದ ದತ್ತು ಬಂದ ಹಳ್ಳಿ ಹುಡುಗ. 1911ರ ದೆಹಲಿ ದರ್ಬಾರಿನಲ್ಲಿ ಐದನೇ ಜಾರ್ಜ್ ದೊರೆಗೆ ಒಂದೇ ಸಲ ತಲೆಬಾಗಿಸಿ, ಬೆನ್ನು ತಿರುಗಿಸಿ ನಡೆದರೆಂದು ಇಂಗ್ಲಿಷರು ಕೆಂಡವಾಗಿದ್ದರು. ಈಗ ಅದೇ ಹೆಸರಿನ ಮೇಲೆ ದುಡ್ಡು ಕಟ್ಟಿ, ಡಾನ್‌ಕಾಸ್ಟರಿನಲ್ಲಿ ಗಂಟಲು ಹರಿಯುವಂತೆ ಕೂಗಿರಬೇಕಲ್ವಾ! ಅವರ ಬಾಯಲ್ಲಿ ಆ ಹೆಸರು ಏನೇನಾಯಿತೋ.

ಪ್ರತಾಪಸಿಂಹರ ಗಾದಿ 1951ರಲ್ಲಿ ಹೋಯಿತು. ಕುದುರೆಯ ವಂಶಕ್ಕೆ ಅಂಥದ್ದೇನೂ ಆಗಲಿಲ್ಲ. ಸಯಾಜಿರಾವನ ಮಗ ಇಂಡಿಯಾನಾ 1964ರಲ್ಲಿ ಅದೇ ಸೇಂಟ್ ಲೆಜರ್ ಗೆದ್ದ. ಇಷ್ಟು ಕೇಳಿದ ಮೇಲೆ ಶೆಟ್ಟರು ಪೆನ್ಸಿಲ್ ಕೈಗೆ ತೆಗೆದುಕೊಂಡು, ಆ ವಂಶದ್ದು ಯಾವುದಾದರೂ ಈ ಭಾನುವಾರ ಮಹಾಲಕ್ಷ್ಮಿಯಲ್ಲಿ ಓಡ್ತದಾ ಅಂತ ಪುಸ್ತಕ ತಿರುವತೊಡಗಿದರು.