ಪರ–ವಿರೋಧ: ಶರಣರ ಚಳವಳಿ ಹೆಣ್ಣಿಗೆ ಸಮಪಾಲು ಕೊಟ್ಟಿತೇ?

ಪರ: ಕೊರಳಿಗೆ ಲಿಂಗ ಬಂತಲ್ಲ!

ಕೊಟ್ಟಿತು. ನನಗಂತೂ ಅನುಮಾನವೇ ಇಲ್ಲ. 12ನೇ ಶತಮಾನದಲ್ಲಿ 30ಕ್ಕೂ ಹೆಚ್ಚು ಹೆಣ್ಣುಮಕ್ಕಳು ವಚನ ಕಟ್ಟಿದರು. ಗಂಡ ಜಾಸ್ತಿ ಅಕ್ಕಿ ಆಯ್ದು ತಂದಾಗ ವಾಪಸ್ ಕಳಿಸಿದ ಲಕ್ಕಮ್ಮ ಅವರಲ್ಲೊಬ್ಬಳು. ಸೂಳೆ ಸಂಕವ್ವೆ ಇನ್ನೊಬ್ಬಳು. ಒಂದು ಒತ್ತೆ (ಗಿರಾಕಿಯ ಮುಂಗಡ ಹಣ) ಹಿಡಿದ ಮೇಲೆ ಮತ್ತೊಂದು ಹಿಡಿಯೆ ಅಂತ ತನ್ನ ಕಸುಬಿನ ಮಾತಲ್ಲೇ ಭಕ್ತಿ ಹೇಳಿದಳು. ನಮ್ಮ ಯಾದಗಿರಿ ಜಿಲ್ಲೆಯ ಮುದನೂರಿನ ಜೇಡರ ದಾಸಿಮಯ್ಯ ಬಸವಣ್ಣನಿಗೂ ಮೊದಲಿನವನು. ಮೊಲೆ ಮುಡಿ ಬಂದರೆ ಹೆಣ್ಣು, ಗಡ್ಡ ಮೀಸೆ ಬಂದರೆ ಗಂಡು ಅಂತೀರಿ, ನಡುವೆ ಸುಳಿವ ಆತ್ಮ ಎರಡೂ ಅಲ್ಲ ಅಂದ.

ಎಲ್ಲಕ್ಕಿಂತ ದೊಡ್ಡದು ಸೂತಕ ತೆಗೆದದ್ದು. ಆಳಂದ ಕಡೆಯ ನಮ್ಮ ಮನೆಯಲ್ಲಿ ಅವ್ವ ಮುಟ್ಟಾದ ದಿನವೂ ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದಳು. ಆಚೆಮನೆಯ ಹೆಂಗಸರು ಹಿತ್ತಲಲ್ಲಿ ಕೂತಿರುತ್ತಿದ್ದರು. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಒಮ್ಮೆ ಬೀಗರ ಕಡೆಯ ಹಿರಿಯರೊಬ್ಬರು "ಇವತ್ತ ಒಳಗ್ಯಾಕ ಬಂದಿ?" ಅಂದರು. "ಲಿಂಗಕ್ಕಿಲ್ಲದ ಮೈಲಿಗಿ ನಿಮಗ್ಯಾಕ್ರಿ?" ಅಂದಳು ಅವ್ವ. ಅವರು ಅದೇ ರೊಟ್ಟಿ, ಪುಂಡಿಪಲ್ಯ ಉಂಡೇ ಹೋದರು.

ಗದ್ದುಗೆ ಮೇಲೆ ಹೆಂಗಸರೆಲ್ಲಿ ಅಂತ ಕೇಳುವವರಿದ್ದಾರೆ. ಅಂಥವರಿಗೆ ಧರ್ಮ ಅಂದರೆ ಕುರ್ಚಿ ಅಷ್ಟೇ. 1970ರಲ್ಲಿ ಮಾತೆ ಮಹಾದೇವಿ ಜಗದ್ಗುರು ಪೀಠ ಏರಿದ್ದು ಕಾಣುವುದಿಲ್ಲವೇ?

ವಿರೋಧ: ಅಕ್ಕನಿಗಷ್ಟೇ ಪರೀಕ್ಷೆ ಯಾಕೆ?

ಈ ಕಡೆ ಬರೀರಿ ಅಂದರು, ಬರೆಯುತ್ತಿದ್ದೇನೆ. ವಚನ ನನಗೂ ಇಷ್ಟವೇ. ಆದರೆ ಕಲ್ಯಾಣದ ಅನುಭವ ಮಂಟಪಕ್ಕೆ ಅಕ್ಕಮಹಾದೇವಿ ಬಂದಾಗ ಏನಾಯಿತು ಅಂತ ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆ ತೆಗೆದು ನೋಡಿ. ನಿನ್ನ ಗಂಡ ಯಾರು ಹೇಳು, ಇಲ್ಲದಿದ್ದರೆ ತೊಲಗು ಅಂತಾನೆ ಮಂಟಪದ ಹಿರಿಯ ಅಲ್ಲಮಪ್ರಭು. ಬಟ್ಟೆ ಬಿಟ್ಟವಳು ಕೂದಲಿಂದ ಯಾಕೆ ಮೈ ಮುಚ್ಚಿದೆ ಅಂತಲೂ ಕೇಳುತ್ತಾನೆ. ಗಂಡು ಶರಣರ ಮೈಯನ್ನು ಹೀಗೆ ವಿಚಾರಿಸಿದ್ದು ನಾನು ಓದಿಲ್ಲ. ಆಮೇಲೆ ಎಲ್ಲರೂ ಕೈಮುಗಿದರು, ಸರಿ. ಪಾಸಾದ ಮೇಲೆ ತಾನೇ?

ಶರಣ ಸತಿ, ಲಿಂಗ ಪತಿ ಅಂದರು. ಗಂಡಸರೂ ಸತಿಯರಾದರು, ಕೇಳಲು ಚೆಂದ. ಪತಿ ಮೇಲೆ, ಸತಿ ಕೆಳಗೆ ಅನ್ನೋ ಲೆಕ್ಕ ಮಾತ್ರ ಹಾಗೇ ಉಳಿಯಿತು ಅಲ್ವಾ? ನಮ್ಮ ಬೀದರ, ಕಲಬುರಗಿ ಸೀಮೆಯ ಜಾತ್ರೆಗೆ ಬನ್ನಿ. ದಾಸೋಹಕ್ಕೆ ರೊಟ್ಟಿ ಬಡಿಯುವವರು ಹೆಂಗಸರು, ವೇದಿಕೆ ಮೇಲೆ ಸಾಲಾಗಿ ಕೂತವರು ಹೆಚ್ಚಿನಂಶ ಗಂಡಸರು. ಒಬ್ಬ ಮಾತಾಜಿಯ ಹೆಸರನ್ನೇ ಇನ್ನೂ ಎಷ್ಟು ದಿನ ಹೇಳೋದು?

ಸೂತಕದ ವಿಷಯ ಇನ್ನೊಮ್ಮೆ ನೋಡೋಣ. ಕೊಟ್ಟ ಜಾಗ ಮುಗಿಯಿತು.