ಸ್ಟೀವನ್ಸನ್ ಅಲಿಯನ್ನು ಸೋಲಿಸಿದ್ದರೇ? ಒಂದು ಸ್ಪಷ್ಟನೆ

ಬೆಳಗಾವಿಯ ನಮ್ಮ ಬಾಕ್ಸಿಂಗ್ ಹುಡುಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೂರು ದಿನದಿಂದ ಒಂದು ಮೆಸೇಜ್ ಓಡಾಡುತ್ತಿದೆ: ‘ಕ್ಯೂಬಾದ ಹೆವಿವೇಟ್ ಟಿಯೊಫಿಲೊ ಸ್ಟೀವನ್ಸನ್ 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಮುಹಮ್ಮದ್ ಅಲಿಯನ್ನು ಕೆಡವಿದರು; ಜೀವನದಲ್ಲಿ ಒಮ್ಮೆಯೂ ಸೋತಿಲ್ಲ.’ ‘ಖರೇ ಏನ್ರೀ ಸರ?’ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ: ಎರಡೂ ಸುಳ್ಳು.

ಅವರಿಬ್ಬರು ಪಂದ್ಯದಲ್ಲಿ ಎದುರಾಗಲೇ ಇಲ್ಲ. ಅಲಿ ಚಿನ್ನ ಗೆದ್ದದ್ದು 1960ರಲ್ಲಿ, ರೋಮ್‌ನಲ್ಲಿ, ಅದೂ ಹೆವಿವೇಟ್‌ಗಿಂತ ಕೆಳಗಿನ ತೂಕದ ವಿಭಾಗವಾದ ಲೈಟ್ ಹೆವಿವೇಟ್‌ನಲ್ಲಿ. ಆಗ ಸ್ಟೀವನ್ಸನ್‌ಗೆ ಎಂಟು ವರ್ಷ! ಅದೇ ವರ್ಷ ಅಲಿ ವೃತ್ತಿಪರರಾದರು. ಆ ಕಾಲದ ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲಿ ವೃತ್ತಿಪರರಿಗೆ ಜಾಗವಿರಲಿಲ್ಲ. ಇನ್ನು ಮ್ಯೂನಿಕ್ ಫೈನಲ್ ಅಂತೀರಾ, ಅದು ನಡೆದೇ ಇಲ್ಲ. ರೊಮೇನಿಯಾದ ಇಯಾನ್ ಅಲೆಕ್ಸೆ ಕೈಗೆ ಪೆಟ್ಟಾಗಿ ರಿಂಗಿಗೆ ಇಳಿಯಲಿಲ್ಲ, ಚಿನ್ನ ವಾಕೋವರ್‌ನಲ್ಲಿ ಬಂತು. ನೋಡಬೇಕಾದ ಪಂದ್ಯ ಕ್ವಾರ್ಟರ್‌ಫೈನಲ್: ಅಮೆರಿಕದ ಡುವಾನ್ ಬಾಬಿಕ್‌ರನ್ನು ಮೂರನೇ ಸುತ್ತಿನಲ್ಲಿ ಸ್ಟೀವನ್ಸನ್‌ರ ಆ ಬಲಗೈ ಉರುಳಿಸಿದ್ದು.

ಸೋಲೂ ಇದ್ದವು. ಸೋವಿಯತ್ ಒಕ್ಕೂಟದ ಇಗೊರ್ ವೈಸೋಟ್ಸ್ಕಿ ಎರಡು ಸಲ ಸೋಲಿಸಿದರು. 1982ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಟಲಿಯ ದಮಿಯಾನಿ.

1972, 1976, 1980ರ ಮೂರು ಒಲಿಂಪಿಕ್ ಚಿನ್ನ ಮಾತ್ರ ಅಪ್ಪಟ ನಿಜ. ಲಕ್ಷಾಂತರ ಡಾಲರ್ ಆಮಿಷ ಬಂದರೂ ಅವರು ವೃತ್ತಿಪರರಾಗಲಿಲ್ಲ. ಹೆವಿವೇಟ್‌ನಲ್ಲಿ ಮೂರು ಚಿನ್ನ ಗೆದ್ದವನಿಗೆ ಸುಳ್ಳು ಗೆಲುವಿನ ಹಂಗೇಕೆ? ಆ ಮೆಸೇಜ್ ಅಳಿಸಿಬಿಡಿ.